ಉಸಿರಿಲ್ಲದ ದನಿ

ನನ್ನ ಸ್ಟುಡಿಯೊ ಎಂದರೆ ನಮ್ಮ ಮಲಗುವ ಕೋಣೆಯ ಗೋಡೆ ಬೀರು. ಕೆಳಗಿನ ಹಲಗೆಗಳನ್ನು ಕೀಳಿಸಿ, ಒಳಗೊಂದು ಸ್ಟೂಲು ಇಟ್ಟು, ಮೂರೂ ಕಡೆ ಹಳೆಯ ರಜಾಯಿಗಳನ್ನು ಇಳಿಬಿಟ್ಟಿದ್ದೇನೆ. ಒಳಗೆ ಕೂತು ಬಾಗಿಲೆಳೆದುಕೊಂಡರೆ ಹೊರಗಿನ ಪ್ರಪಂಚ ಮುಕ್ಕಾಲು ಪಾಲು ಅಡಗುತ್ತದೆ. ಉಳಿದ ಕಾಲು ಪಾಲು ಎಂದರೆ ಪಕ್ಕದ ಮನೆಯ ಮಿಕ್ಸಿ, ಸೊಪ್ಪಿನವಳ ಕೂಗು ಮತ್ತು ನಮ್ಮದೇ ಕುಕ್ಕರಿನ ಸೀಟಿ. ಇವುಗಳ ಸಂದಿಯಲ್ಲಿ ನುಸುಳಿ ನಾನು ಕೆಲಸ ಮುಗಿಸಬೇಕು. ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವವಳು ನಾನೇ. ಆಸ್ಪತ್ರೆಯಲ್ಲಿ ಟೋಕನ್ ಕೂಗುವವಳು ನಾನೇ. ಮೈಸೂರಿನ ಸಿಟಿ ಬಸ್ಸಿನಲ್ಲಿ "ಮುಂದಿನ ನಿಲ್ದಾಣ" ಎಂದು ಹೇಳಿ, ಆಮೇಲೆ "ದಯವಿಟ್ಟು ಬಾಗಿಲ ಬಳಿ ನಿಲ್ಲಬೇಡಿ" ಎಂದು ಬೇಡಿಕೊಳ್ಳುವವಳೂ ನಾನೇ. ಪ್ರಫುಲ್ಲಾ ಎಂಬ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಬಾಯಿ ತೆರೆದರೆ ಮಾತ್ರ ಆಟೊದವನೂ ಹಿಂತಿರುಗಿ ನೋಡುತ್ತಾನೆ.

ಓದುವುದು ಈ ಕಸುಬಿನ ಸಣ್ಣ ಭಾಗ. ಓದಿದ್ದನ್ನು ಶುಚಿ ಮಾಡುವುದೇ ದೊಡ್ಡ ಕೆಲಸ. ಕಂಪ್ಯೂಟರಿನ ಪರದೆಯ ಮೇಲೆ ದನಿ ಒಂದು ಗೆರೆಯಾಗಿ ಕಾಣುತ್ತದೆ. ಮಾತು ಇರುವ ಕಡೆ ಉಬ್ಬು, ಇಲ್ಲದ ಕಡೆ ಚಪ್ಪಟೆ. ಎರಡು ವಾಕ್ಯಗಳ ನಡುವೆ ಸಣ್ಣದೊಂದು ಬೊಕ್ಕೆ ಕಂಡರೆ ಅದು ಉಸಿರು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಅವನ್ನೆಲ್ಲ ಆರಿಸಿ ತೆಗೆಯಬೇಕು. ಉಸಿರು, ಉಗುಳು ನುಂಗಿದ್ದು, ನಾಲಿಗೆ ಅಂಟಿದ್ದು, ಹೊಟ್ಟೆ ಗುರ್ ಎಂದದ್ದು ಎಲ್ಲವೂ ಕಸ. ಇದನ್ನೇ ಮಾಡಿ ಮಾಡಿ ಈಗ ಹೇಗಾಗಿದೆಯೆಂದರೆ, ಯಾರಾದರೂ ಎದುರಿಗೆ ಕೂತು ಕಷ್ಟ ಸುಖ ಹೇಳಿಕೊಂಡರೂ ಅವರ ಉಸಿರನ್ನು ಎಲ್ಲಿ ಕತ್ತರಿಸಬಹುದೆಂದು ನನ್ನ ಬೆರಳು ತವಕಿಸುತ್ತದೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೆ ಗೊತ್ತು.

ಯಂತ್ರಗಳು ಮಾತು ಕಲಿತಾಗ ನಮ್ಮ ಕಸುಬಿನ ಅರ್ಧ ಜನ ಮೈಕು ಮಾರಿ ಮನೆಗೆ ಹೋದರು. ಆಮೇಲೆ ಯಂತ್ರದ ದನಿಯಲ್ಲಿ ಜನರಿಗೆ ಟೋಪಿ ಹಾಕುವ ಕರೆಗಳು ವಿಪರೀತವಾಗಿ, ಒಡೆಯರಿಲ್ಲದ ದನಿಗೆ ನಿಷೇಧ ಬಂತು. ಪ್ರತಿ ದನಿಗೂ "ಇದು ನನ್ನದು" ಎನ್ನಲು ಒಬ್ಬ ಜೀವಂತ ಮನುಷ್ಯ ಇರಬೇಕು. ಇಲ್ಲದಿದ್ದರೆ ಫೋನು, ಬ್ಯಾಂಕು, ಕಚೇರಿ ಯಾವುದೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಯಾವುದೋ ಕಾಯಿಲೆಯಲ್ಲಿ ಗಂಟಲು ಕಳೆದುಕೊಂಡವರು ಇದರಿಂದ ಪೇಚಿಗೆ ಸಿಕ್ಕರು. ಅವರಿಗಾಗಿ ಹುಟ್ಟಿದ್ದೇ ದನಿದಾನ.

ಕಂಠಸೇತು ಎಂಬ ಕೇಂದ್ರದಲ್ಲಿ ಡಾಕ್ಟರ್ ನೌಶೀನ್ ಅದನ್ನು ನನಗೆ ವಿವರಿಸಿದರು. ದನಿಪೆಟ್ಟಿಗೆಯನ್ನು ಕೊಯ್ದು ತೆಗೆದ ಮೇಲೂ, ಮಾತಾಡಬೇಕು ಅನ್ನಿಸಿದಾಗ ಮಿದುಳಿನಿಂದ ಕತ್ತಿನವರೆಗೆ ಸುದ್ದಿ ಬರುತ್ತಲೇ ಇರುತ್ತದಂತೆ. ಕಂಠಿ ಎಂಬ ಪಟ್ಟಿಯನ್ನು ಕತ್ತಿಗೆ ಕಟ್ಟಿದರೆ ಅದು ಆ ಸುದ್ದಿಯನ್ನು ಓದಿ, ಅಂಗುಳಿಗೆ ಅಂಟಿಸಿದ ಪುಟ್ಟ ಸ್ಪೀಕರಿನಿಂದ ದನಿ ಹೊರಡಿಸುತ್ತದೆ. ತುಟಿ, ನಾಲಿಗೆ, ಮಾತು ಅವರದೇ. ದನಿ ಮಾತ್ರ ದಾನಿಯದು.

"ಒಂದೇ ಷರತ್ತು ಮೇಡಂ," ಎಂದಿದ್ದರು ಅವರು. "ನಾವು ಕೊಟ್ಟ ವಾಕ್ಯಗಳನ್ನ ಓದಿ ಕಳಿಸಿ. ಜೊತೆಗೆ ನೀವು ಮನೇಲಿ ಮಾತಾಡೋದನ್ನೂ ಒಂದಷ್ಟು ದಿನ ರೆಕಾರ್ಡ್ ಮಾಡಿ. ಏನನ್ನೂ ತಿದ್ದಬೇಡಿ. ಹೇಗಿದೆಯೋ ಹಾಗೇ ಕಳಿಸಿ."

ನಾನು ತಲೆಯಾಡಿಸಿ ಬಂದೆ. ರೆಕಾರ್ಡ್ ಮಾಡಿದೆ. ಆಮೇಲೆ ಒಂದು ಸಲ ಕೇಳೋಣವೆಂದು ಹಾಕಿದೆ. ಅಯ್ಯೋ ದೇವರೇ! ಕೆಮ್ಮು, ಆಕಳಿಕೆ, ಮೂಗು ಸೇದಿದ್ದು, "ಅದೇ ಕಣ್ರೀ, ಅದು... ಅದೇನದು" ಎಂಬ ತಡವರಿಕೆ. ತಲೆ ಬಾಚದೆ, ನೈಟಿಯಲ್ಲಿ ಮದುವೆ ಮನೆಗೆ ಹೋದಂತಿತ್ತು. ಕ್ಲಯಂಟಿಗೆ ಹಸಿ ರೆಕಾರ್ಡಿಂಗ್ ಕಳಿಸುವುದು ನಮ್ಮ ಕಸುಬಿನಲ್ಲಿ ಇಲ್ಲವೇ ಇಲ್ಲ. ತಿದ್ದಬೇಡಿ ಎಂದದ್ದು ಸೌಜನ್ಯಕ್ಕೆ ಇರಬೇಕು, ಪಾಪ, ಅವರಿಗೇನು ಗೊತ್ತು ಎಂದುಕೊಂಡು ಕೂತು ಶುಚಿ ಮಾಡಿದೆ. ಕೋಪದ ಭಾಗ ತೀರ ಸಪ್ಪೆ ಎನ್ನಿಸಿತು. ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡಿದ ಅನುಭವ ಇತ್ತಲ್ಲ, ಒಂದಿಷ್ಟು ಕೋಪವನ್ನು ಬೀರುವಿನೊಳಗೆ ಕೂತು ಹೊಸದಾಗಿ ಮಾಡಿ ಸೇರಿಸಿದೆ. ಅಳುವನ್ನೂ ಹಾಗೆಯೇ. ಮುತ್ತಿನಂಥ ಫೈಲುಗಳು. ಕಳಿಸಿ ಹೆಮ್ಮೆಯಿಂದ ಕಾಫಿ ಕುಡಿದೆ.

ನನ್ನ ದನಿ ಹೋದದ್ದು ಚಿಕ್ಕತಾಯಮ್ಮನಿಗೆ. ಸಿಟಿ ಬಸ್ಸಿನ ಕಂಡಕ್ಟರು, ಕೆಸರೆಯ ಕಡೆ ಮನೆ. ಗಂಡ ತೀರಿಕೊಂಡು ಬಹಳ ದಿನವಾಗಿತ್ತು; ಮನೆಯಲ್ಲಿ ತಾಯಿ ಕೆಂಪಮ್ಮ ಮತ್ತು ಹೈಸ್ಕೂಲಿನ ಮಗ ಮಾದೇಶ. ಗಂಟಲ ಕ್ಯಾನ್ಸರಿನಲ್ಲಿ ದನಿಪೆಟ್ಟಿಗೆ ತೆಗೆದಿದ್ದರು. ಆಕೆಯ ಸ್ವಂತ ದನಿಯ ಒಂದು ತುಣುಕೂ ಎಲ್ಲೂ ಉಳಿದಿರಲಿಲ್ಲ, ಒಂದು ಮದುವೆಯ ವಿಡಿಯೊದಲ್ಲಿ ಬ್ಯಾಂಡ್ ಸೆಟ್ಟಿನ ಹಿಂದೆ ಏನೋ ಕೂಗಿದ್ದನ್ನು ಬಿಟ್ಟು. ದಾನಿಗಳ ದನಿಗಳನ್ನೆಲ್ಲ ಕೇಳಿಸಿದಾಗ ಆಕೆ ನನ್ನದಕ್ಕೆ ಥಟ್ಟನೆ ಬೆರಳು ತೋರಿಸಿದಳಂತೆ.

ಕಂಠಿ ಕಟ್ಟುವ ದಿನ ನಾನೂ ಕೇಂದ್ರಕ್ಕೆ ಹೋಗಿದ್ದೆ. ನೌಶೀನ್ ಪಟ್ಟಿ ಬಿಗಿದು, ಒಂದು ಗುಂಡಿ ಒತ್ತಿ, "ಏನಾದ್ರೂ ಮಾತಾಡಿ ತಾಯಮ್ಮ" ಎಂದರು.

"ಏನ್ ಮಾತಾಡ್ಲವ್ವ? ನಂಗೇ ನಾಚ್ಕೆ ಆಯ್ತದೆ," ಎಂದಳು ಆಕೆ, ನನ್ನ ದನಿಯಲ್ಲಿ.

ನನ್ನ ಗಂಟಲು ಎಂದೂ ಆಡದ ಮಾತಿನ ಬಗೆ ಅದು. ತಾಯಮ್ಮ ನನ್ನ ಕೈ ಹಿಡಿದುಕೊಂಡಳು. "ಎಂಟೊರ್ಸದಿಂದ ಬಸ್ಸಲ್ಲಿ ನಿಮ್ದೇ ದನಿ ಕೇಳ್ಕಂಡು ಬಂದಿವ್ನಿ ಅಕ್ಕಾವ್ರೆ. ಡ್ರೈವರು ಮೊಕ ಗಂಟಾಕ್ಕಂಡ್ ಕುಂತಿದ್ರೂವೆ ನೀವ್ ಮಾತ್ರ ಮಾತಾಡ್ತಾನೆ ಇರೀರಿ. ಬ್ಯಾರೆ ಯಾರ್ದೂ ಬ್ಯಾಡ ಅನ್ಸ್‌ಬುಡ್ತು."

ಮೂಲೆಯಲ್ಲಿ ಕೂತಿದ್ದ ಕೆಂಪಮ್ಮಜ್ಜಿ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ದನಿ ಸಂದಾಗದೆ ಕಣ್ ಮಗ. ಟೀವಿಯೋರು ಮನೆಗ್ ಬಂದಂಗದೆ," ಎಂದಳು. ಎಲ್ಲರೂ ನಕ್ಕೆವು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಮಳೆಗಾಲ ಕಳೆಯುವ ಹೊತ್ತಿಗೆ ನೌಶೀನ್ ಅವರ ಫೋನು ಬಂತು. "ಪ್ರಫುಲ್ಲಾ ಮೇಡಂ, ತಾಯಮ್ಮ ಕಂಠಿ ತೆಗೆದಿಟ್ಟುಬಿಟ್ಟಿದ್ದಾರೆ. ಮಾತಾಡ್ತಾನೇ ಇಲ್ಲ. ನಾನು ಹೋಗಿ ಕೇಳಿದ್ರೆ ಕೈ ಮುಗಿದು ಒಳಗೆ ಹೋಗ್ತಾರೆ."

"ಯಂತ್ರ ಕೆಟ್ಟಿದೆಯಾ?"

"ಇಲ್ಲ. ಅದೇ ನನಗೆ ಭಯ." ಅವರು ಕಾರಣ ಹೇಳಿದರು. ನರಕ್ಕೂ ಕಂಠಿಗೂ ಪರಿಚಯ ಬಲಿಯುವುದು ಮೊದಲ ಕೆಲವು ತಿಂಗಳಲ್ಲಿ ಮಾತ್ರ. ಆಗ ಮಾತಾಡದೆ ಬಿಟ್ಟರೆ ನರ ತನ್ನ ಕೆಲಸ ಮರೆತು ಮಲಗಿಬಿಡುತ್ತದೆ. ಆಮೇಲೆ ಯಾವ ಕಂಠಿ ಕಟ್ಟಿದರೂ ಏಳುವುದಿಲ್ಲ. "ದಸರಾ ಮುಗಿಯೋದ್ರೊಳಗೆ ಅವರು ಮಾತಾಡದಿದ್ರೆ ಇನ್ನು ಯಾವತ್ತೂ ಇಲ್ಲ," ಎಂದರು.

ಮಾರನೆಯ ದಿನ ಇಬ್ಬರೂ ಕೆಸರೆಗೆ ಹೋದೆವು. ಬಾಗಿಲು ತೆರೆದವನು ಮಾದೇಶ. ಗೋಡೆಯ ಮೇಲೆ ಕೆಂಪಮ್ಮಜ್ಜಿಯ ಫೋಟೊ, ಅದಕ್ಕೊಂದು ಹಾರ. ಅಜ್ಜಿ ಹೋದದ್ದು ನಮಗೆ ಗೊತ್ತೇ ಇರಲಿಲ್ಲ. ತಾಯಮ್ಮ ಚಾಪೆ ಹಾಸಿ, ನೀರು ಕೊಟ್ಟು, ಗೋಡೆಗೊರಗಿ ಕೂತಳು. ಮಾತೆಲ್ಲ ಮಗನದೇ.

"ಫಸ್ಟ್ ಫಸ್ಟು ಖುಸಿಯಾಗೇ ಇದ್ಲು ಆಂಟಿ. ಡ್ಯೂಟಿಗೂ ಹೋದ್ಲು. ಬಸ್ಸಲ್ಲಿ ಅಮ್ಮ 'ಹಿಂದಕ್ ಹೋಗಿ, ಹಿಂದಕ್ ಹೋಗಿ' ಅಂದ್ರೆ ಮಿಷನ್ ಹೇಳ್ತಾ ಅದೆ ಅಂದ್ಕಂಡು ಯಾರೂ ಜಗ್ತಾನೇ ಇರ್ಲಿಲ್ವಂತೆ. ಒಬ್ರಂತೂ ಟಿಕೆಟ್ ಕೇಳಿದ್ರೆ ಮೇಲಿರೋ ಸ್ಪೀಕರ್ ನೋಡಿದ್ರಂತೆ." ಅವನಿಗೆ ನಗು ಬಂತು, ತಾಯಿಯ ಕಡೆ ನೋಡಿ ನುಂಗಿಕೊಂಡ. "ಮನೇಲೂ ಅಷ್ಟೆ. ನಾನು ಹೋಮ್‌ವರ್ಕ್ ಮಾಡಿಲ್ಲ ಅಂತ ಬೈಯಕ್ ಬಂದ್ರೆ ಸೀರಿಯಲ್ ಅತ್ತೆ ಥರ ಬರ್ತಿತ್ತು. ನಂಗ್ ನಗು ತಡ್ಯಕ್ ಆಗ್ತಿರ್ಲಿಲ್ಲ. ಆಮೇಲಾಮೇಲೆ ಬೈಯದೇ ಬುಟ್ಬುಟ್ಲು."

"ಆಮೇಲೆ?" ಎಂದೆ.

ಹುಡುಗ ನೆಲ ನೋಡಿದ. "ಅಜ್ಜಿ ಸತ್ತೋದ್ರಲ್ಲ, ಆವತ್ತು..."

ತಾಯಮ್ಮ ಕೈ ಎತ್ತಿ ಅವನನ್ನು ತಡೆದಳು. ತನ್ನ ಫೋನಿನಲ್ಲಿ ತಾನೇ ಟೈಪ್ ಮಾಡಿ ನನ್ನ ಮುಂದೆ ಹಿಡಿದಳು.

"ಅವ್ವನ ಎದೆ ಮ್ಯಾಲೆ ಬಿದ್ದು ಅವ್ವ ಅಂತ ಕೂಗಿದೆ. ಸೋಪಿನ ಜಾಹೀರಾತಲ್ಲಿ ಮಗೀನ ಕರೀತಾರಲ್ಲ ಅಂಗ್ ಬಂತು. ನಿಂತಿದ್ದೋರಲ್ಲಿ ಯಾರೋ ಕಿಸಕ್ ಅಂದ್ರು. ಬಾಯ್ ಮುಚ್ಕಂಡೆ. ಮಣ್ಣು ಮಾಡಗಂಟ ಬಾಯ್ ಬುಡ್ನಿಲ್ಲ."

ನಾನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಸಾಲು ಸೇರಿಸಿದಳು.

"ನಿಮ್ ದನಿ ಬಾಳ ಚೆಂದ ಅಕ್ಕಾವ್ರೆ. ಅದ್ರಲ್ಲಿ ಅಳಕ್ಕಾಗಕಿಲ್ಲ."

ಕಾರಿನಲ್ಲಿ ಕೂತ ಮೇಲೆ ನೌಶೀನ್ ಕೀಲಿ ತಿರುಗಿಸಹೋಗಿ ಕೈ ಹಿಂತೆಗೆದರು. ಆಮೇಲೆ ಕೇಳಿದರು, "ಮೇಡಂ, ನೀವು ಕಳಿಸಿದ ಮನೆಮಾತಿನ ಫೈಲುಗಳನ್ನ ತಿದ್ದಿದ್ರಾ?"

"ಉಸಿರು ತೆಗೆದಿದ್ದೆ," ಎಂದೆ. "ಕೆಮ್ಮು ಗಿಮ್ಮು. ಕೋಪ, ಅಳು ಸರಿಯಾಗಿ ಬಂದಿರ್ಲಿಲ್ಲ, ಅದಕ್ಕೆ ಮತ್ತೆ ಮಾಡಿ..."

ಅವರು ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡರು. ಕೋಪ ಬರುವ ಮೊದಲು ಮನುಷ್ಯ ಉಸಿರೆಳೆದುಕೊಳ್ಳುತ್ತಾನೆ, ಅಳುವ ಮೊದಲು ಉಸಿರು ತುಂಡಾಗುತ್ತದೆ; ಆ ಗುರುತು ಹಿಡಿದೇ ಕಂಠಿ ದನಿಯನ್ನು ತಿರುಗಿಸಬೇಕು. ನಾನು ಕೊಟ್ಟ ದನಿಯಲ್ಲಿ ಅದು ಹಿಡಿಯಲು ಏನೂ ಇರಲಿಲ್ಲ. ತಾಯಮ್ಮನ ನರ ಅಳು ಎಂದು ಹೇಳುತ್ತಿತ್ತು, ಪಟ್ಟಿಗೆ ಅದು ಏನೆಂದು ಗೊತ್ತಾಗದೆ ನಗುಮೊಗದ ಮಾತು ಆಡುತ್ತಿತ್ತು. "ತಪ್ಪು ನಂದೂ ಇದೆ, ಕೇಳಿ ನೋಡ್ದಾಗ ಇಷ್ಟು ಚೆನ್ನಾಗಿದೆಯಲ್ಲ ಅಂತ ಖುಷಿಪಟ್ಟೆ," ಎಂದರು ನೌಶೀನ್. "ಹಸಿ ಫೈಲು ಇದೆಯಾ?"

ಇರಲಿಲ್ಲ. ಕಸವನ್ನು ನಾನು ಇಟ್ಟುಕೊಳ್ಳುವವಳೇ ಅಲ್ಲ.

ಮತ್ತೆ ರೆಕಾರ್ಡ್ ಮಾಡುವುದೆಂದು ತೀರ್ಮಾನವಾಯಿತು. ಚರ್ಮದ ಬಣ್ಣದ ಸಣ್ಣ ಮೈಕನ್ನು ನನ್ನ ಗಂಟಲ ಬಳಿ ಅಂಟಿಸಿದರು. ಸ್ನಾನಕ್ಕೆ ಬಿಟ್ಟು ಇನ್ನಾವಾಗಲೂ ತೆಗೆಯಬಾರದು, ಬದುಕಬೇಕು, ಅಷ್ಟೆ.

ಬದುಕುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಗಂಟಲಲ್ಲಿ ಮೈಕ್ ಇದೆ ಎಂದರೆ ನನ್ನ ದನಿ ತಾನಾಗಿ ಎದ್ದು ಸೆರಗು ಸರಿಮಾಡಿಕೊಂಡು ನಿಲ್ಲುತ್ತದೆ. ನನ್ನ ಗಂಡ ಶ್ರೀಕಂಠ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ. ನನಗೆ ಸಿಟ್ಟು ಬರಿಸುವ ಕೆಲಸವನ್ನು ಅವರು ಬಹಳ ಶ್ರದ್ಧೆಯಿಂದ ಕೈಗೆತ್ತಿಕೊಂಡರು. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದರು. ಬಿಸಿಯಾಗಿದ್ದ ಉಪ್ಪಿಟ್ಟನ್ನು ತಣ್ಣಗಾಗಲು ಬಿಟ್ಟು ತಿಂದು ಚೆನ್ನಾಗಿಲ್ಲ ಎಂದರು. ನಮ್ಮ ತವರಿನವರನ್ನು ಎಳೆದು ತಂದರು.

"ದಯವಿಟ್ಟು ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಬೇಡಿ," ಎಂದೆ.

ಮಗಳು ಇಂಚರ ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. "ಅಮ್ಮಾ, ಬಸ್ ಸ್ಟಾಪ್ ಬಂತು, ಇಳ್ಕೋತೀನಿ!"

ನೌಶೀನ್ ಫೈಲು ಕೇಳಿ ಫೋನು ಮಾಡಿದರು. "ಇದ್ರಲ್ಲಿ ಜಗಳ ಎಲ್ಲಿದೆ ಮೇಡಂ?"

"ಟವಲಿನ ಭಾಗ."

"ಅದಾ? ಅದು ಯಾವುದೋ ಹೋಟೆಲಿಗೆ ಮಾಡಿದ ರೆಕಾರ್ಡಿಂಗ್ ಅಂದ್ಕೊಂಡು ಮುಂದೆ ಓಡಿಸ್ದೆ."

ಗಂಟಲು ನಮ್ಮ ಹೊಟ್ಟೆಪಾಡು. ತಣ್ಣೀರು ಕುಡಿಯಬಾರದು, ರಾತ್ರಿ ಮೊಸರು ತಿನ್ನಬಾರದು, ಮುಖ್ಯವಾಗಿ ಕಿರುಚಬಾರದು. ಈ ಕಸುಬಿಗೆ ಬಂದಾಗಿನಿಂದ ನಾನು ದನಿಯೆತ್ತಿ ಯಾರನ್ನೂ ಬೈದಿಲ್ಲ. ಇದನ್ನೊಂದು ಸದ್ಗುಣ ಎಂದು ನೆಂಟರೆಲ್ಲ ಹೊಗಳುತ್ತಾರೆ. ಆದರೆ ಆ ಸಂಜೆ ಬಟ್ಟೆ ಮಡಚುತ್ತಿದ್ದಾಗ ಇಂಚರ ನಗದೆ ಹೇಳಿದಳು: "ನಾನು ಪಿಯುಸಿಯಲ್ಲಿ ಫೇಲಾದಾಗ ನೀನು 'ಪರವಾಗಿಲ್ಲ, ಮುಂದಿನ ಸಲ ನೋಡೋಣ' ಅಂದೆಯಲ್ಲ, ಅದನ್ನ ಎಷ್ಟು ಚೆನ್ನಾಗಿ ಅಂದೆ ಅಂದ್ರೆ, ನಿನಗೆ ಬೇಜಾರಾಗಿದೆಯೋ ಇಲ್ವೋ ಅಂತಾನೇ ನಂಗೆ ಗೊತ್ತಾಗ್ಲಿಲ್ಲ ಅಮ್ಮ."

ಬೇಜಾರಾಗಿತ್ತು. ಬಹಳ ಬೇಜಾರಾಗಿತ್ತು. ಅದನ್ನು ಹೇಳಲು ಹೋದೆ. ಮೈಕಿನ ನೆನಪಾಗಿ ಹೇಳುವುದು ಮತ್ತೆ ಅಚ್ಚುಕಟ್ಟಾಗಿಬಿಟ್ಟಿತು. ಮಗಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ದಿನಗಳು ಕಳೆಯುತ್ತಿದ್ದವು. ಅರಮನೆಗೆ ದೀಪ ಹಾಕಲು ಶುರುವಾಗಿತ್ತು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮಾದೇಶನ ಮೆಸೇಜು ಬಂತು: ನಾಳೆ ಅಜ್ಜಿಗೆ ಎಡೆ ಇಡ್ತೀವಿ, ಅಮ್ಮ ನಿಮ್ಮನ್ನ ಬರ್ಲೇಬೇಕು ಅಂತಾವ್ಳೆ.

ಸತ್ತವರಿಗೆ ಇಷ್ಟವಾದುದನ್ನೆಲ್ಲ ಬೇಯಿಸಿ ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಂದು ಉಣ್ಣಿ ಎಂದು ಕರೆಯುವ ಹಬ್ಬ ಅದು. ನಾನು ಹೋದಾಗ ಎಲೆ ಹಾಕಿ ಆಗಿತ್ತು. ಮುದ್ದೆ, ಕೋಳಿ ಸಾರು, ಹುರಿದ ಮೀನು, ಕಜ್ಜಾಯ; ಪಕ್ಕದಲ್ಲಿ ಹೊಸ ಸೀರೆ, ವೀಳ್ಯದೆಲೆ, ಅಜ್ಜಿಗೆ ಪ್ರಾಣವಾಗಿದ್ದ ಒಂದು ಚೂರು ಹೊಗೆಸೊಪ್ಪು. ಅಕ್ಕಪಕ್ಕದ ಮನೆಯ ನಾಲ್ಕೈದು ಹೆಂಗಸರು ಕೂತಿದ್ದರು. ಅವರ ಮನೆಯ ಪದ್ಧತಿಯಲ್ಲಿ ಮೊದಲ ಎಡೆಗೆ ಮಗಳು ಬಾಯಿಬಿಟ್ಟು ತಾಯಿಯನ್ನು ಕರೆಯಲೇಬೇಕು. ಕರೆಯದಿದ್ದರೆ ಸತ್ತವರು ಹೊಸಿಲಿನಾಚೆಯೇ ನಿಂತಿರುತ್ತಾರೆ ಎಂದು ನಂಬಿಕೆ.

ತಾಯಮ್ಮ ನನ್ನನ್ನು ಎಲೆಯ ಮುಂದೆ ಕೂರಿಸಿ ಫೋನು ಕೈಗಿಟ್ಟಳು. ಅವ್ವನನ್ನು ಕರೆಯುವ ಮಾತನ್ನು ಅದರಲ್ಲಿ ಬರೆದಿಟ್ಟಿದ್ದಳು. ತನ್ನ ಗಂಟಲು ತೋರಿಸಿ ಇಲ್ಲ ಎಂದು ಕೈಯಾಡಿಸಿದಳು. ಆಮೇಲೆ ನನ್ನ ಗಂಟಲಿಗೆ ಬೆರಳು ತೋರಿಸಿದಳು. ಮಾದೇಶ ಹೇಳಿದ: "ನೀವು ಕರ್ದ್ರೆ ಅಮ್ಮ ಕರ್ದಂಗೇಯಂತೆ. ಎರಡೂ ಒಂದೇ ದನಿಯಲ್ವ ಅಂತಾವ್ಳೆ."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಗಂಟಲು ಸರಿಮಾಡಿಕೊಂಡೆ. ತುಟಿಗೆ ತೆಳುವಾದ ನಗು ಬಂದು ಕೂತಿತು, ಕರೆಯದೇ ಬರುವ ನೆಂಟ. ಓದಲು ತೊಡಗಿದೆ.

"ಅವ್ವ, ಬಾರವ್ವ. ನೀನು ಹೋದ ದಿನ ನಾನು ಬಾಯ್ತುಂಬ ಅಳಕ್ಕಾಗ್ನಿಲ್ಲ..."

ಎಲ್ಲ ಅಕ್ಷರಗಳೂ ಸ್ಪಷ್ಟವಾಗಿ ಬಂದವು. ಆಲಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ತಲೆ ತಗ್ಗಿಸಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಾವಿನ ದಿನ ಕಿಸಕ್ಕೆಂದವಳು ಅವಳೇ ಇರಬೇಕು.

ಆಗ ತಾಯಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಮಗುವಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಾಗ ಹಾಕುವಂಥ ಗುದ್ದು. ನನ್ನ ಬಾಯಿಂದ "ಹಾ" ಎಂದು ಉಸಿರೆಲ್ಲ ಹೊರಬಿತ್ತು. ತಿರುಗಿ ನೋಡಿದರೆ ಆಕೆಯ ಮುಖದಲ್ಲಿ ಕೋಪವಿರಲಿಲ್ಲ. ಬೇಡಿಕೊಳ್ಳುತ್ತಿದ್ದಳು. ಓದಿ ಎಂದು ಫೋನಿನ ಕಡೆ ಗದ್ದ ಆಡಿಸಿದಳು.

ನಾನು ಓದಿದೆ, ಈ ಸಲ ಉಸಿರು ಕೂಡಿಸಿಕೊಳ್ಳಲು ಸಮಯ ಸಿಗದೆ.

"ಆಸ್ಪತ್ರೇಲಿ ನನ್ ಗಂಟ್ಲು ಕುಯ್ದಾಗ ಮೂರೊತ್ತೂ ಗಂಜಿ ತಂದೆ ಕಣವ್ವ. ನನ್ ಮಗ್ಳಿಗೆ ಮಾತಿಲ್ಲ ಅಂದ್ಬುಟ್ಟು ನೀನೂ ಮಾತಾಡ್ದೆ ಕುಂತಿದ್ದೆ. ನರ್ಸಮ್ಮ ಈ ಅಜ್ಜಿಗೂ ಮಾತ್ ಬರಕಿಲ್ವ ಅಂದ್ಲು. ನೀನು ಅದ್ಕೂ ಮಾತಾಡ್ನಿಲ್ಲ..."

ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಆ ಮುದುಕಿ, ಮಗಳಿಗೆ ದನಿ ಬರುವವರೆಗೆ ತನ್ನ ದನಿಯನ್ನೂ ಕಟ್ಟಿಟ್ಟುಕೊಂಡಿದ್ದಳೇ? ಟೀವಿಯವರು ಬಂದ ಹಾಗಿದೆ ಎಂದದ್ದು ಎಷ್ಟೋ ದಿನಗಳ ಮೇಲೆ ಅವಳಾಡಿದ ಮೊದಲ ಮಾತೇ? ನನ್ನ ದನಿ ಅಲ್ಲೇ ಒಡೆಯಿತು. ಹೇಗೆ ಒಡೆಯಿತೋ ನನಗೆ ತಿಳಿಯದು. ಮುಂದಿನ ಅಕ್ಷರಗಳು ಮಸುಕಾದವು. "ಮುದ್ದೆ ಪಾತ್ರೆ ತಳದ ಚಕ್ಕೆ ಎತ್ತಿಟ್ಟಿವ್ನಿ, ಇವತ್ ಅದು ನಂಗಲ್ಲ, ನಿಂಗೆ," ಎಂಬುದನ್ನು ಮೂಗಿನಿಂದ ಹೇಳಿದೆನೋ ಬಾಯಿಂದ ಹೇಳಿದೆನೋ. "ಬಾರವ್ವ... ಉಣ್ಣು ಬಾ... ಅವ್ವಾ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ನನ್ನ ಜನ್ಮದಲ್ಲಿ ಕೂಗಿರಲಿಲ್ಲ. ಹೆಂಗಸರೆಲ್ಲ ಅಳುತ್ತಿದ್ದರು, ಸೆರಗು ಅಡ್ಡ ಹಿಡಿದವಳೂ. ತಾಯಮ್ಮ ನನ್ನ ಹೆಗಲಿಗೆ ಹಣೆ ಕೊಟ್ಟು ಶಬ್ದವಿಲ್ಲದೆ ನಡುಗುತ್ತಿದ್ದಳು.

ಅಷ್ಟರಲ್ಲಿ ಕಿಟಕಿಯಿಂದ ಒಂದು ಕರಿ ಬೆಕ್ಕು ಧುಮುಕಿ ನೇರವಾಗಿ ಮೀನಿಗೆ ಬಾಯಿ ಹಾಕಿತು.

"ಏಯ್! ಬಾಯ್ ಹಾಕ್ತೀಯಾ ಮುಂಡೇದೇ! ತೊಲಗ್ ಆಚೆ!" ಎಂದು ಅಬ್ಬರಿಸಿದೆ. ಬೆಕ್ಕು ಗಾಳಿಯಲ್ಲೇ ತಿರುಗಿ ಬಂದ ದಾರಿಯಲ್ಲಿ ಮಾಯವಾಯಿತು. ಮಾದೇಶ ನಡುಗಿಹೋಗಿದ್ದ. ಮನೆ ತುಂಬ ನಗೆ ಎದ್ದಿತು. ನಾನೂ ನಕ್ಕೆ, ಅಳುವಿನ ಬಿಕ್ಕಳಿಕೆ ನಿಲ್ಲದೆ, ನಗುವೂ ನಿಲ್ಲದೆ, ಮೂಗು ಸುರಿಯುತ್ತ, ಹೊಟ್ಟೆ ಹಿಡಿದುಕೊಂಡು. ಗಂಟಲಲ್ಲಿ ಮೈಕ್ ಇತ್ತೆಂಬುದು ನೆನಪಾದದ್ದು ಮನೆಗೆ ಬಂದು ಮುಖ ತೊಳೆಯುವಾಗ.

ಬೀರುವಿನೊಳಗೆ ಕೂತು ಫೈಲು ತೆರೆದೆ. ಪರದೆಯ ಮೇಲಿನ ಗೆರೆ ನೋಡಿಯೇ ಗಾಬರಿಯಾಯಿತು. ಅಷ್ಟು ಅಂಕುಡೊಂಕು ಉಬ್ಬುಗಳನ್ನು ನಾನು ಎಂದೂ ಕಂಡಿರಲಿಲ್ಲ. ಕೇಳಿದೆ. ದನಿ ಸೀಳಿಹೋಗಿತ್ತು. ಅರ್ಧ ಮಾತು ತಿಳಿಯುವಂತಿರಲಿಲ್ಲ. ಸೊರ್ ಎಂದು ಮೂಗು ಸೇದಿದ್ದು ಗುಡುಗಿನಂತೆ ಕೇಳಿಸಿತು. ಬೆಕ್ಕಿಗೆ ಬೈದ ಮಾತು ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಇದು ತಾಯಮ್ಮನ ಬಾಯಿಗೆ ಹೋದರೆ ನಾಳೆ ಊರಿನ ಬಸ್ಸಿನಲ್ಲೆಲ್ಲ ನನ್ನ ದನಿ ಹೀಗೆ ಕೇಳಿಸುತ್ತದೆ. ಮಧುರವಾದ ಹೆಣ್ಣು ದನಿ ಬೇಕು ಎಂದು ಬರುವ ಕ್ಲಯಂಟುಗಳು ಏನೆಂದುಕೊಳ್ಳುತ್ತಾರೆ? ಮೂಗು ಸೇದಿದ್ದನ್ನು ಒಂದೇ ತೆಗೆದರೆ ಏನು ನಷ್ಟ ಎನ್ನಿಸಿತು. ಬೆರಳು ಆಗಲೇ ಅದರ ಎರಡೂ ತುದಿಗೆ ಗುರುತು ಹಾಕಿತ್ತು.

ಶ್ರೀಕಂಠ ಹಿಂದೆ ಬಂದು ನಿಂತಿದ್ದರು. ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ, ಕಣ್ಣು ಕೆಂಪಾಗಿತ್ತು. "ಇದು ನಿನ್ನದೇ ದನಿಯಾ ಪ್ರಫುಲ್ಲಾ?" ಎಂದರು. "ಇಷ್ಟು ವರ್ಷ ಎಲ್ಲಿಟ್ಟಿದ್ದೆ?"

ನಾನು ಮೌಸ್ ಬಿಟ್ಟು ಕೈ ಹಿಂದೆ ಕಟ್ಟಿಕೊಂಡೆ. "ನೀವೇ ಕಳಿಸಿಬಿಡಿ," ಎಂದೆ. "ನಾನಿಲ್ಲಿದ್ರೆ ಕತ್ತರಿಸ್ತೀನಿ." ಅಡುಗೆಮನೆಗೆ ಹೋಗಿ, ಫೈಲು ಹೋಗಿ ಮುಟ್ಟಿತು ಎಂದು ಅವರು ಕೂಗಿ ಹೇಳುವವರೆಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತೆ. ಇಂಚರ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಬಟ್ಟೆ ಹಿಡಿದು ಒಂದೊಂದನ್ನೇ ಒರೆಸಿದಳು.

"ಫೇಲಾದಾಗ ನಂಗೆ ತುಂಬ ಸಿಟ್ಟು ಬಂದಿತ್ತು ಕಣೇ," ಎಂದೆ. ದನಿ ಕೂತುಹೋಗಿತ್ತು, ಗೊಗ್ಗರಾಗಿ ಬಂತು. "ನಿನ್ನ ಮೇಲೂ, ನನ್ನ ಮೇಲೂ."

"ಈಗ ಗೊತ್ತಾಯ್ತು ಬಿಡು," ಎಂದಳು. ಆಮೇಲೆ ನಕ್ಕು, "ಬಿಸಿನೀರು ಕಾಯಿಸ್ಲಾ ಗಂಟಲಿಗೆ?" ಎಂದಳು.

ಕಂಠಿಗೆ ಹೊಸ ದನಿ ಕಲಿಸಿ ತಾಯಮ್ಮನ ಕತ್ತಿಗೆ ಕಟ್ಟಿದ ದಿನ ನಾನು ಹೋಗಲಿಲ್ಲ. ನನ್ನನ್ನು ಕಂಡರೆ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅಂದಾಳು ಎಂಬ ಹೆದರಿಕೆ. ನೌಶೀನ್ ಆಮೇಲೆ ಹೇಳಿದರು. ಗುಂಡಿ ಒತ್ತಿದ ಮೇಲೂ ಆಕೆ ತುಂಬ ಹೊತ್ತು ಬಾಯಿ ತೆರೆಯಲಿಲ್ಲವಂತೆ. ನರ ಮಲಗಿಯೇಬಿಟ್ಟಿತೋ ಎಂದು ಅವರಿಗೆ ಜೀವ ಬಾಯಿಗೆ ಬಂದಿತ್ತಂತೆ. ಕೊನೆಗೆ ಆಕೆ ಗೋಡೆಯ ಕಡೆ ತಿರುಗಿ, ಮೆಲ್ಲಗೆ "ಅವ್ವ" ಎಂದಳಂತೆ. ಅಷ್ಟೆ. ಆಮೇಲೆ ನೌಶೀನ್ ಬಾಗಿಲು ಹಾಕಿಕೊಂಡು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತರು. ಒಳಗಿನ ಅಳು ಹೊರಗಿನವರೆಗೂ ಕೇಳುತ್ತಿತ್ತಂತೆ.

ದಸರೆಯ ಜನ ಊರು ತುಂಬಿದ್ದಾಗ ಒಂದು ದಿನ ನಾನು ಸಿಟಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಮುಂದಿನ ಬಾಗಿಲ ಮೆಟ್ಟಿಲ ಮೇಲೆ ಕಂಬಿ ಹಿಡಿದು ನೇತಾಡುತ್ತಿದ್ದೆ. ಮೇಲಿನ ಸ್ಪೀಕರಿನಲ್ಲಿ ನಾನು ಎಂದಿನಂತೆ "ದಯವಿಟ್ಟು ಬಾಗಿಲ ಬಳಿ ನಿಲ್ಲಬೇಡಿ" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಸೇರಿ.

ಹಿಂದಿನಿಂದ ಯಾರೋ ಎದೆ ತುಂಬ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ಉಸಿರು ನನಗೆ ಗೊತ್ತು. ಸಾವಿರಾರು ಸಲ ನಾನೇ ಅದನ್ನು ಆರಿಸಿ ಎಸೆದಿದ್ದೇನೆ.

"ಏಯ್! ಯಾರದು ಫುಟ್‌ಬೋರ್ಡ್ ಮೇಲೆ ನೇತಾಕ್ಕಂಡಿರೋರು! ಬಿದ್ದು ಸತ್ರೆ ನಾನ್ ಉತ್ತರ ಕೊಡ್ಬೇಕಾ? ಒಳಿಕ್ ನಡೀರಿ, ನಡೀರಿ, ನಡೀರಿ!"

ಇಡೀ ಬಸ್ಸು ಬೆಚ್ಚಿ ಹಿಂದಕ್ಕೆ ಜರುಗಿತು. ಟಿಕೆಟ್ ಯಂತ್ರ ಹಿಡಿದು ಜನರನ್ನು ಸೀಳಿಕೊಂಡು ಬಂದ ತಾಯಮ್ಮ ನನ್ನನ್ನು ಕಂಡು ಒಂದು ಕ್ಷಣ ನಿಂತಳು. ಕಣ್ಣಲ್ಲಿ ನಗು ಬಂತು. ಆದರೆ ಡ್ಯೂಟಿ ಡ್ಯೂಟಿಯೇ.

"ನಿಮ್ಗೂ ಸೇರಿಸೇ ಹೇಳಿದ್ದು ಅಕ್ಕಾವ್ರೆ," ಎಂದಳು.

ನಾನು ಒಳಕ್ಕೆ ಸರಿದು ನಿಂತೆ.